ಯಾಂತ್ರೀಕೃತ ಯುದ್ಧ: ಬೆಂಗಳೂರು ದಂಡಿನ ಅನುಭವ ಮತ್ತು ರಾಷ್ಟ್ರರಕ್ಷಣೆಯ ಪಾಠಗಳು

ಎಂಜಿನ್ನಿನಿಂದ ಓಡುವ ಕವಚ ವಾಹನಗಳು, ಮೋಟಾರು ಲಾರಿಗಳು ಮತ್ತು ವಿಮಾನಗಳನ್ನು ಮುಖ್ಯ ಬಲವಾಗಿ ಇಟ್ಟುಕೊಂಡು, ಪದಾತಿದಳ, ಫಿರಂಗಿದಳ ಹಾಗೂ ಸೇನಾ ಎಂಜಿನಿಯರುಗಳು ಅವುಗಳ ಜೊತೆಗೂಡಿ ನಡೆಸುವ ಯುದ್ಧವಿಧಾನವೇ ಯಾಂತ್ರೀಕೃತ ಯುದ್ಧ. ಇದರ ಮೊದಲ ಘಟ್ಟ ಒಂದನೆಯ ಮಹಾಯುದ್ಧದ ಕಂದಕಗಳಲ್ಲಿ ಶುರುವಾಗಿ ಎರಡನೆಯ ಮಹಾಯುದ್ಧದಲ್ಲಿ ಬಲಿತಿತು. ಭಾರತದಲ್ಲಿ ಅದು 1947–48ರ ಕಾಶ್ಮೀರ ಯುದ್ಧದಲ್ಲಿ ಸ್ವತಂತ್ರ ದೇಶದ ಸೇನೆಯ ಅನುಭವವಾಯಿತು. ಬೆಂಗಳೂರಿನ ದಂಡುಪ್ರದೇಶ ಮತ್ತು ಅದರೊಳಗೂ ಪೂರ್ವಕ್ಕೂ ಹಬ್ಬಿರುವ ಹಲಸೂರು, ಶಿವಾಜಿನಗರ, ಇಂದಿರಾನಗರ, ಸಿ.ವಿ. ರಾಮನ್ ನಗರ, ವಿಮಾನಪುರಗಳಿಗೆ ಈ ಇತಿಹಾಸದಲ್ಲಿ ಪ್ರತ್ಯೇಕ ಸ್ಥಾನವಿದೆ. ಇಲ್ಲಿ ಟ್ಯಾಂಕ್ ಹುಟ್ಟಲಿಲ್ಲ. ಯಂತ್ರಕ್ಕೆ ದಾರಿ ಬಿಡಿಸುವ ಸಾಧನ, ದಾರಿ ಮಾಡುವ ಸೈನಿಕರು, ಕೆಟ್ಟ ಯಂತ್ರವನ್ನು ರಿಪೇರಿ ಮಾಡುವ ಕಾರ್ಯಾಗಾರ ಮತ್ತು ಹೊಸ ಯಂತ್ರ ಕಟ್ಟುವ ಕಾರ್ಖಾನೆ ಇಲ್ಲಿ ಬೆಳೆದವು.

ಪರಿಭಾಷೆ

ಈ ಲೇಖನದಲ್ಲಿ ಬಳಸಿರುವ ಪದಗಳ ಅರ್ಥ ಹೀಗಿದೆ. ಮೋಟಾರೀಕರಣ ಎಂದರೆ ಕುದುರೆ, ಎತ್ತು, ಹೇಸರಗತ್ತೆಗಳ ಬದಲು ಲಾರಿಗಳಲ್ಲಿ ಸೈನಿಕರನ್ನೂ ಸಾಮಗ್ರಿಯನ್ನೂ ಸಾಗಿಸುವುದು. ಯಾಂತ್ರೀಕರಣ ಇದಕ್ಕಿಂತ ಮುಂದಿನ ಹಂತ. ಇಲ್ಲಿ ವಾಹನ ಸಾಗಣೆಗಷ್ಟೇ ಸೀಮಿತವಾಗದೆ ಹೋರಾಟದಲ್ಲೂ ಭಾಗಿಯಾಗುತ್ತದೆ. ಕವಚ ವಾಹನ ಎಂದರೆ ಗುಂಡು ಮತ್ತು ಸಿಡಿಚೂರುಗಳನ್ನು ತಡೆಯುವ ಉಕ್ಕಿನ ಹೊದಿಕೆಯುಳ್ಳ ವಾಹನ. ಸರಪಳಿ ಪಟ್ಟಿಯ ಮೇಲೆ ಚಲಿಸುವ, ತಿರುಗುವ ಗೋಪುರದಲ್ಲಿ ತೋಪು ಹೊತ್ತ ಕವಚ ವಾಹನವನ್ನು ಟ್ಯಾಂಕ್ ಎನ್ನುತ್ತಾರೆ; ಮೊದಲ ಟ್ಯಾಂಕುಗಳಿಗೆ ಗೋಪುರವಿರಲಿಲ್ಲ, ತೋಪುಗಳು ಪಕ್ಕದ ಗೂಡುಗಳಲ್ಲಿದ್ದವು. ಸ್ಯಾಪರ್ ಎಂದರೆ ಸೇನಾ ಎಂಜಿನಿಯರ್ ದಳದ ಸೈನಿಕ. ಸೇತುವೆ, ರಸ್ತೆ ಕಟ್ಟುವುದು, ನೆಲಬಾಂಬು ತೆಗೆಯುವುದು, ತಡೆಗಳನ್ನು ಸ್ಫೋಟಿಸುವುದು ಇವನ ಕೆಲಸ. ದಂಡು ಎಂಬುದು ಬೆಂಗಳೂರು ಕಂಟೋನ್ಮೆಂಟಿಗೆ ಕನ್ನಡದಲ್ಲಿ ಮೊದಲಿನಿಂದಲೂ ಇರುವ ಹೆಸರು.

ಹಿನ್ನೆಲೆ ಮತ್ತು ಉಗಮ

19ನೆಯ ಶತಮಾನದ ಕೊನೆಯ ಹೊತ್ತಿಗೆ ಮೂರು ಸಾಧನಗಳು ಯುದ್ಧಭೂಮಿಯ ಸ್ವರೂಪವನ್ನು ಬದಲಿಸಿದ್ದವು: 1884ರಲ್ಲಿ ಬಂದ ಮ್ಯಾಕ್ಸಿಂ ಮಷೀನ್ ಗನ್, ಬೇಗಬೇಗನೆ ಗುಂಡು ಹಾರಿಸುವ ಫಿರಂಗಿ, ಮತ್ತು ದನಗಳ ಬೇಲಿಗೆಂದು ತಯಾರಾದ ಮುಳ್ಳುತಂತಿ. ಈ ಮೂರೂ ಒಂದೆಡೆ ಸೇರಿದ ಮೇಲೆ ಬಯಲಲ್ಲಿ ಮುನ್ನುಗ್ಗುವ ಕಾಲಾಳಿಗೂ ಕುದುರೆ ಸವಾರನಿಗೂ ದಾರಿ ಮುಚ್ಚಿತು. ಬೋಯರ್ ಯುದ್ಧ ಮತ್ತು 1904–05ರ ರಷ್ಯಾ–ಜಪಾನ್ ಯುದ್ಧಗಳಲ್ಲಿ ಇದರ ಮುನ್ಸೂಚನೆ ಸಿಕ್ಕಿತ್ತು. 1914ರ ಕೊನೆಗೆ ಪಶ್ಚಿಮ ಯುರೋಪಿನ ರಣರಂಗ ಪೂರ್ತಿಯಾಗಿ ಕಂದಕಗಳೊಳಗೆ ಇಳಿದು ನಿಂತುಬಿಟ್ಟಿತು.

ಈ ಬಿಕ್ಕಟ್ಟಿಗೆ ಬ್ರಿಟನ್ ಕಂಡುಕೊಂಡ ಉತ್ತರ ಟ್ಯಾಂಕ್. 1915ರ ಫೆಬ್ರವರಿಯಲ್ಲಿ ನೌಕಾಖಾತೆಯ ಮುಖ್ಯಸ್ಥ ವಿನ್‌ಸ್ಟನ್ ಚರ್ಚಿಲ್ ‘ಭೂನೌಕಾ ಸಮಿತಿ’ಯನ್ನು ನೇಮಿಸಿದರು. ಅದಕ್ಕೆ ಸುಮಾರು ಎರಡು ದಶಕ ಮೊದಲು ಇದೇ ಚರ್ಚಿಲ್ 4ನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರು ದಂಡಿನಲ್ಲಿದ್ದರು. ಸಮಿತಿಯ ಕೆಲಸದ ಫಲವಾದ ಮಾರ್ಕ್ 1 ಟ್ಯಾಂಕ್ ಸುಮಾರು 28 ಟನ್ ತೂಗುತ್ತಿತ್ತು, ಎಂಟು ಜನರನ್ನು ಹೊತ್ತು ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿತ್ತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ಕದನದಲ್ಲಿ ಅದು ಮೊದಲ ಬಾರಿ ಕಣಕ್ಕಿಳಿಯಿತು. ಆ ದಿನಕ್ಕೆ ಗೊತ್ತುಮಾಡಿದ್ದ 49 ಟ್ಯಾಂಕುಗಳಲ್ಲಿ ದಾಳಿ ಆರಂಭಿಸಲು ಸಾಧ್ಯವಾದದ್ದು 32ಕ್ಕೆ ಮಾತ್ರ.

1917ರ ನವೆಂಬರ್ 20ರಂದು ಕಾಂಬ್ರೆಯಲ್ಲಿ 476 ಟ್ಯಾಂಕುಗಳು ಒಟ್ಟಾಗಿ ಬಳಕೆಯಾದವು. ಅಗಲವಾದ ಕಂದಕಗಳನ್ನು ದಾಟಲು ಅವು ತಲೆಯ ಮೇಲೆ ಸೌದೆಕಟ್ಟಿನಂಥ ದೊಡ್ಡ ಕಟ್ಟಿಗೆ ಹೊರೆಗಳನ್ನು ಹೊತ್ತು ಹೋಗಿ, ಕಂದಕದೊಳಗೆ ಉರುಳಿಸಿ, ಅದರ ಮೇಲೆಯೇ ಹಾದುಹೋದವು. ಮೊದಲ ದಿನ ಕೆಲಸಕ್ಕೆ ಬಾರದಂತಾದ 179 ಟ್ಯಾಂಕುಗಳಲ್ಲಿ ಶತ್ರುವಿನ ಹೊಡೆತಕ್ಕೆ ನಾಶವಾದವು 65. ಎಂಜಿನ್ ಮತ್ತಿತರ ಭಾಗಗಳು ಕೆಟ್ಟು ನಿಂತವು 71, ಹಳ್ಳ ಕಂದಕಗಳಲ್ಲಿ ಸಿಕ್ಕಿಬಿದ್ದವು 43. ಯಾಂತ್ರೀಕೃತ ಯುದ್ಧದ ಮುಂದಿನ ಎಲ್ಲ ಪಾಠಗಳ ಬೀಜ ಈ ಮೂರು ಅಂಕಿಗಳಲ್ಲಿದೆ.

ಬೆಂಗಳೂರು ದಂಡು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ನೆಲೆಸಿದ್ದ ಬ್ರಿಟಿಷ್ ಸೇನೆ ಜ್ವರದ ಕಾಟಕ್ಕೆ ಸಿಕ್ಕಿತು. ಒಣ ಹವೆಯ ಬೆಂಗಳೂರಿಗೆ, ಹಲಸೂರಿನ ಸುತ್ತಲಿನ ಬಯಲಿಗೆ, ಅದು 1809ರ ಹೊತ್ತಿಗೆ ಸ್ಥಳಾಂತರಗೊಂಡಿತು. ಪೆರೇಡ್ ಮೈದಾನವನ್ನು ನಡುವೆ ಇಟ್ಟು ಪ್ರತಿ ದಳಕ್ಕೂ ಬೇರೆಬೇರೆ ನೆಲೆ ಹಾಕಲಾಯಿತು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ ಎಂಬ ಹೆಸರುಗಳು ಆ ವಿನ್ಯಾಸದ ಉಳಿಕೆಗಳು. ಇಂದಿನ ಕಾಮರಾಜ ರಸ್ತೆಯ ಹಿಂದಿನ ಹೆಸರು ಕ್ಯಾವಲ್ರಿ ರಸ್ತೆ.

ದಂಡಿನ ಘಟಕಗಳಲ್ಲಿ ಯಾಂತ್ರೀಕೃತ ಯುದ್ಧದೊಂದಿಗೆ ಅತ್ಯಂತ ನಿಕಟವಾದ ಸಂಬಂಧ ಮದ್ರಾಸ್ ಸ್ಯಾಪರ್ಸ್ ದಳದ್ದು. 1780ರ ಸೆಪ್ಟೆಂಬರ್ 30ರಂದು ಮದ್ರಾಸ್ ಪಯೊನಿಯರ್ಸ್ ಎಂಬ ಹೆಸರಿನಿಂದ ಕಟ್ಟಿದ ಈ ದಳ 19ನೆಯ ಶತಮಾನದಲ್ಲಿ ಹಲಸೂರು ಕೆರೆಯ ಬಳಿ ಬಂದು ನೆಲೆನಿಂತಿತು. ಇಂದು ಅದರ ಹೆಸರು ಮದ್ರಾಸ್ ಎಂಜಿನಿಯರ್ ಗ್ರೂಪ್. ನಗರದವರ ಬಾಯಲ್ಲಿ ಎಂಇಜಿ. ದಕ್ಷಿಣದ ರಾಜ್ಯಗಳ ಯುವಕರೇ ಹೆಚ್ಚಾಗಿ ಸೇರುವ ಈ ದಳದ ಸೈನಿಕರಿಗೆ ಸೇನೆಯಲ್ಲಿ ‘ತಂಬಿ’ ಎಂಬ ಅಕ್ಕರೆಯ ಹೆಸರಿದೆ.

ಬೆಂಗಳೂರು ಟಾರ್ಪಿಡೊ

ಮುಳ್ಳುತಂತಿಯ ತಡೆಗೆ ಟ್ಯಾಂಕಿಗಿಂತ ನಾಲ್ಕು ವರ್ಷ ಮೊದಲೇ ಬೆಂಗಳೂರಿನಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್‌ನ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಇದನ್ನು ರೂಪಿಸಿದರು. ಹಿಂದಿನ ಯುದ್ಧಗಳಿಂದ ಉಳಿದುಹೋದ ತಡೆಗೋಡೆಗಳನ್ನೂ ಬಲೆಬಾಂಬುಗಳನ್ನೂ ದೂರದಿಂದ ನಾಶಪಡಿಸುವುದು ಮೊದಲ ಉದ್ದೇಶವಾಗಿತ್ತು. ಹುಟ್ಟಿದ ಊರಿನ ಹೆಸರೇ ಸಾಧನದ ಹೆಸರಾಯಿತು. ನೀರಿನಲ್ಲಿ ಸಾಗುವ ಟಾರ್ಪಿಡೊಗೂ ಇದಕ್ಕೂ ಸಂಬಂಧವಿಲ್ಲ.

ರಚನೆ ಸರಳ. ಸ್ಫೋಟಕ ತುಂಬಿದ ಲೋಹದ ಕೊಳವೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಬೇಕಾದಷ್ಟು ಉದ್ದ ಮಾಡಿಕೊಳ್ಳಬಹುದು. ಮುಳ್ಳುತಂತಿಗೆ ಸಿಕ್ಕಿಕೊಳ್ಳದಂತೆ ತುದಿಗೆ ನುಣುಪಾದ ಮೂತಿ ಇರುತ್ತದೆ. ನೆಲಕ್ಕೆ ಅಂಟಿ ಮಲಗಿದ ಸ್ಯಾಪರ್, ಮೊದಲ ತುಂಡನ್ನು ತಂತಿಯಡಿ ತಳ್ಳಿ, ಅದರ ಹಿಂಬದಿಗೆ ಎರಡನೆಯದನ್ನು ಜೋಡಿಸಿ, ಮತ್ತೆ ತಳ್ಳುತ್ತಾನೆ. ಹೀಗೆ ತಾನು ಮರೆಯಲ್ಲೇ ಇದ್ದುಕೊಂಡು ಕೊಳವೆಯನ್ನು ಬೇಲಿಯ ಆಚೆ ಬದಿಗೆ ಮುಟ್ಟಿಸುತ್ತಾನೆ. ಸ್ಫೋಟವಾದಾಗ ತಂತಿ ಕಡಿದು, ಒಬ್ಬರ ಹಿಂದೆ ಒಬ್ಬರು ನುಗ್ಗುವಷ್ಟು ದಾರಿ ಬಿಡುತ್ತದೆ.

ಒಂದನೆಯ ಮಹಾಯುದ್ಧದಲ್ಲಿ ಇದು ಕಂದಕಗಳ ಮುಂದಿನ ಬೇಲಿ ಕಡಿಯಲು ಬಳಕೆಯಾಯಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆ ಇದನ್ನು ಎಂ1ಎ1 ಎಂಬ ಹೆಸರಿನಲ್ಲಿ ಅಳವಡಿಸಿಕೊಂಡಿತ್ತು. ಅದರ ಒಂದೊಂದು ತುಂಡಿನ ಉದ್ದ ಸುಮಾರು 1.5 ಮೀಟರ್. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಇಳಿದ ಸೈನಿಕರು ತಂತಿಬೇಲಿಯಲ್ಲಿ ದಾರಿ ಬಿಡಿಸಿಕೊಂಡದ್ದು ಈ ಕೊಳವೆಗಳಿಂದ. ಯಂತ್ರಗಳ ಸಾಗರವೇ ಹಿಂದೆ ನಿಂತಿದ್ದರೂ ಮೊದಲ ದಾರಿ ತೆರೆದದ್ದು ಒಬ್ಬ ಸೈನಿಕ ಕೈಯಲ್ಲಿ ಹೊರಬಲ್ಲ ಸಾಧನ.

ಕುದುರೆಯಿಂದ ಯಂತ್ರಕ್ಕೆ: ಹೈಫಾ

ಕುದುರೆಪಡೆಯ ಯುಗ ಮತ್ತು ಯಂತ್ರದ ಯುಗ ಒಂದೇ ಕಣದಲ್ಲಿ ಎದುರಾದ ಸಂದರ್ಭಗಳಲ್ಲಿ 1918ರ ಹೈಫಾ ಕದನ ಮುಖ್ಯವಾದದ್ದು. ಮೈಸೂರು ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೊರಟು, ಜೋಧಪುರ ಮತ್ತು ಹೈದರಾಬಾದ್ ಲ್ಯಾನ್ಸರ್ಸ್ ಜೊತೆ ಒಂದೇ ಬ್ರಿಗೇಡಿನಲ್ಲಿ ಸೂಯೆಜ್ ಕಾಲುವೆ, ಗಾಜಾ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಹೋರಾಡಿತು. ಡಮಾಸ್ಕಸ್ ಕಡೆಗೆ ಮುನ್ನಡೆಯುತ್ತಿದ್ದ ಬ್ರಿಟಿಷ್ ಜನರಲ್ ಅಲೆನ್‌ಬಿಯ ಸೇನೆಗೆ ಸರಬರಾಜು ಇಳಿಸಿಕೊಳ್ಳಲು, ತುರ್ಕಿ ಸೇನೆಯ ಹಿಡಿತದಲ್ಲಿದ್ದ ಹೈಫಾ ಬಂದರು ಬೇಕಾಗಿತ್ತು. ಸೆಪ್ಟೆಂಬರ್ 22ರಂದು ಕವಚ ಕಾರುಗಳ ಒಂದು ತುಕಡಿ ಅತ್ತ ಹೋಗಿ ಫಿರಂಗಿ ಮತ್ತು ಮಷೀನ್ ಗನ್ ದಾಳಿಗೆ ಸಿಕ್ಕಿ ಹಿಂದಿರುಗಿತು.

ಮರುದಿನ ಕುದುರೆಪಡೆ ದಾಳಿ ನಡೆಸಿತು. ಒಂದು ಕಡೆ ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು, ಇನ್ನೊಂದು ಕಡೆ ಕಿಶೋನ್ ನದಿಯ ಹೂಳುವ ಮರಳುದಂಡೆ. ಮೈಸೂರು ಲ್ಯಾನ್ಸರ್ಸ್‌ನ ಒಂದು ಸ್ಕ್ವಾಡ್ರನ್, ಬ್ರಿಟಿಷ್ ಶೆರ್‌ವುಡ್ ರೇಂಜರ್ಸ್ ತುಕಡಿಯ ಬೆಂಬಲದೊಂದಿಗೆ, ಬೆಟ್ಟವೇರಿ ಮೇಲಿದ್ದ ತೋಪುಗಳ ಮೇಲೆ ಬಿತ್ತು. ಕೆಳಗೆ ಜೋಧಪುರದ ಸವಾರರು ಊರೊಳಕ್ಕೆ ನುಗ್ಗಿದರು. 1,350 ಮಂದಿ ಸೆರೆಸಿಕ್ಕರು. 17 ಫಿರಂಗಿ ಮತ್ತು 11 ಮಷೀನ್ ಗನ್ ವಶವಾದವು. ದಾಳಿ ನಡೆಸಿದವರಲ್ಲಿ 8 ಮಂದಿ ಮಡಿದರು, 34 ಮಂದಿ ಗಾಯಗೊಂಡರು; 60 ಕುದುರೆಗಳು ಸತ್ತವು.

ಇದನ್ನು ಕುದುರೆ ಯಂತ್ರವನ್ನು ಗೆದ್ದ ಕಥೆಯಾಗಿ ಓದುವುದು ತಪ್ಪು. ಕವಚ ಕಾರು ರಸ್ತೆ ಬಿಟ್ಟು ಬೆಟ್ಟ ಹತ್ತಲಾರದಾಗಿತ್ತು, ಕುದುರೆ ಹತ್ತಿತು. ನೆಲಕ್ಕೆ ಹೊಂದುವ ಸಾಧನ ಗೆದ್ದಿತು ಎಂಬುದೇ ಇದರ ಸಾರ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ದಳಗಳ ಪ್ರತೀಕ. ಸಂಸ್ಥಾನಗಳ ವಿಲೀನದ ನಂತರ ಈ ದಳಗಳ ಪರಂಪರೆ 1953ರಲ್ಲಿ ರೂಪುಗೊಂಡ 61ನೆಯ ಕ್ಯಾವಲ್ರಿಯಲ್ಲಿ ಸೇರಿತು.

ಭಾರತೀಯ ಸೇನೆಯ ಯಾಂತ್ರೀಕರಣ

ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನ ಫುಲರ್ ಮತ್ತು ಲಿಡೆಲ್ ಹಾರ್ಟ್, ಜರ್ಮನಿಯ ಗುಡೇರಿಯನ್, ಸೋವಿಯತ್ ಒಕ್ಕೂಟದ ತುಖಾಚೆವ್‌ಸ್ಕಿ ಯಾಂತ್ರೀಕೃತ ಯುದ್ಧದ ಸಿದ್ಧಾಂತಗಳನ್ನು ಬೆಳೆಸಿದರು. ಭಾರತದಲ್ಲಿ ಈ ಬದಲಾವಣೆ ತಡವಾಗಿ ಬಂತು. ಸಿಂಧ್ ಹಾರ್ಸ್ ಮತ್ತು 13ನೆಯ ಲ್ಯಾನ್ಸರ್ಸ್ ಅಶ್ವದಳಗಳು 1938ರಲ್ಲಿ ಕುದುರೆಗಳನ್ನು ಬಿಟ್ಟು ವಾಹನಗಳಿಗೆ ಬದಲಾದವು. 1939ರಲ್ಲಿ ಚಾಟ್‌ಫೀಲ್ಡ್ ಸಮಿತಿ ಸೇನೆಯ ಆಧುನಿಕೀಕರಣಕ್ಕೆ ಶಿಫಾರಸು ಮಾಡಿತು. ಅದೇ ವರ್ಷ ಯುದ್ಧ ಆರಂಭವಾದದ್ದರಿಂದ ತಯಾರಿಗೆ ಬೇಕಾದ ಕಾಲಾವಕಾಶ ಸಿಗಲಿಲ್ಲ.

ಯಂತ್ರಗಳನ್ನು ದೇಶದಲ್ಲೇ ಕಟ್ಟುವ ಪ್ರಯತ್ನ ಬೆಂಗಳೂರಿನ ಪೂರ್ವದಲ್ಲಿ ಶುರುವಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರು. 1941ರಲ್ಲಿ ಹಾರ್ಲೊ ತರಬೇತಿ ವಿಮಾನ ಇಲ್ಲಿಂದ ಹೊರಬಂತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ವಶಕ್ಕೆ ಹೋಗಿ, ಪೂರ್ವ ರಣರಂಗದ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ನೆಲೆಯಾಯಿತು. ಹೊಸ ವಿಮಾನ ಕಟ್ಟುವ ವೇಗಕ್ಕಿಂತ ಕೆಟ್ಟ ವಿಮಾನವನ್ನು ಮತ್ತೆ ಹಾರಿಸುವ ವೇಗವೇ ಆ ವರ್ಷಗಳಲ್ಲಿ ಹೆಚ್ಚು ಬೆಲೆಬಾಳಿತು.

ಮದ್ರಾಸ್ ಸ್ಯಾಪರ್ಸ್ ಆಫ್ರಿಕಾ, ಇಟಲಿ ಮತ್ತು ಬರ್ಮಾಗಳಲ್ಲಿ ಸೇತುವೆ ಕಟ್ಟುವ, ನೆಲಬಾಂಬು ತೆಗೆಯುವ ಕೆಲಸ ಮಾಡಿದರು. 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ಈ ದಳದ ಸುಬೇದಾರ್ ಸುಬ್ರಮಣಿಯನ್, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಸಂಗಡಿಗರನ್ನು ಉಳಿಸಿದರು. ಮರಣೋತ್ತರ ಜಾರ್ಜ್ ಕ್ರಾಸ್ ಅವರಿಗೆ ಸಂದಿತು.

1948: ನೌಶೇರಾ ಮತ್ತು ಜೋಜಿಲಾ

ಸ್ವತಂತ್ರ ಭಾರತದ ಯಾಂತ್ರೀಕೃತ ಯುದ್ಧದ ಮೊದಲ ದೊಡ್ಡ ಅನುಭವ ಕಾಶ್ಮೀರ ಯುದ್ಧದ ಗುಡ್ಡಗಾಡಿನಲ್ಲಿ ದೊರೆಯಿತು. ಅದರಲ್ಲಿ ಕರ್ನಾಟಕದವರ ಪಾತ್ರ ಹಿರಿದು.

1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಹೊರಟಾಗ ರಸ್ತೆಯುದ್ದಕ್ಕೂ ನೆಲಬಾಂಬುಗಳೂ ಅಡ್ಡಗಟ್ಟೆಗಳೂ ಇದ್ದವು. ದಾರಿ ಬಿಡಿಸುವ ಹೊಣೆ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆ ಅವರದಾಗಿತ್ತು. ಅವರು ಕಾರವಾರದ ಹತ್ತಿರದ ಚೆಂಡಿಯಾ ಗ್ರಾಮದವರು, 1918ರಲ್ಲಿ ಜನಿಸಿದವರು. ಏಪ್ರಿಲ್ 8ರಂದು ಶತ್ರುವಿನ ಶೆಲ್ ದಾಳಿಗೆ ಅವರ ತುಕಡಿಯ ಇಬ್ಬರು ಮಡಿದು ಐವರು ಗಾಯಗೊಂಡರು. ಗಾಯಾಳುಗಳಲ್ಲಿ ರಾಣೆಯವರೂ ಒಬ್ಬರು. ಗುಂಡಿನ ಮಳೆಯಲ್ಲಿ ನೆಲಬಾಂಬುಗಳ ನಡುವೆ ಟ್ಯಾಂಕನ್ನು ದಾಟಿಸಲು ಅವರು ಅದರ ಅಡಿಯಲ್ಲೇ ತೆವಳಿಕೊಂಡು ಸಾಗಿದರು. ಒಳಗಿದ್ದ ಚಾಲಕನಿಗೂ ಅವರಿಗೂ ನಡುವೆ ಎರಡು ಹಗ್ಗ: ಒಂದನ್ನು ಎಳೆದರೆ ಮುಂದೆ ಸಾಗಬೇಕು, ಇನ್ನೊಂದನ್ನು ಎಳೆದರೆ ನಿಲ್ಲಬೇಕು. ಏಪ್ರಿಲ್ 10ರಂದು ಐದು ದೊಡ್ಡ ಪೈನ್ ಮರಗಳನ್ನು ಉರುಳಿಸಿ ಸುತ್ತ ನೆಲಬಾಂಬು ಹೂತಿದ್ದ ಅಡ್ಡಗಟ್ಟೆಯನ್ನು ತೆರವು ಮಾಡಿದರು. ಏಪ್ರಿಲ್ 12ರಂದು ಸೇನೆ ರಾಜೌರಿ ಮುಟ್ಟಿತು. ರಾಣೆಯವರಿಗೆ ಪರಮವೀರ ಚಕ್ರ ಸಂದಿತು.

ಅದೇ ವರ್ಷ ಲಡಾಖಿನ ಬಾಗಿಲಾದ ಜೋಜಿಲಾ ಕಣಿವೆದಾರಿ ಶತ್ರುವಿನ ಹಿಡಿತದಲ್ಲಿತ್ತು. ಸೆಪ್ಟೆಂಬರಿನಲ್ಲಿ ಪದಾತಿದಳ ನಡೆಸಿದ ದಾಳಿಗಳು ಫಲ ಕೊಡಲಿಲ್ಲ. ಪಶ್ಚಿಮ ಕಮಾಂಡಿನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ, ಡಿವಿಷನ್ ಮುಖ್ಯಸ್ಥ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರೂ ಕೊಡಗಿನವರು. ಸುಮಾರು 3,500 ಮೀಟರ್ ಎತ್ತರದ ಆ ಕಣಿವೆದಾರಿಗೆ ಟ್ಯಾಂಕ್ ಹತ್ತಿಸುವ ನಿರ್ಧಾರವಾಯಿತು. 7ನೆಯ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳನ್ನು ಗೋಪುರ ಕಳಚಿ, ಗುಟ್ಟಾಗಿ ಬಾಲ್ತಾಲ್‌ಗೆ ಸಾಗಿಸಲಾಯಿತು. ಹೇಸರಗತ್ತೆಗಳು ಓಡಾಡುತ್ತಿದ್ದ ಕಾಲುದಾರಿಯನ್ನು ಹಿಮ ಮತ್ತು ಗುಂಡಿನ ನಡುವೆ ಟ್ಯಾಂಕ್ ಸಾಗುವಷ್ಟು ಅಗಲ ಮಾಡಿದವರು ಹಲಸೂರಿನ ಮದ್ರಾಸ್ ಸ್ಯಾಪರ್ಸ್. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯನವರು ಮುಂದಿನ ಸಾಲಿನ ಟ್ಯಾಂಕಿನಲ್ಲಿದ್ದರು. ಆ ಎತ್ತರದಲ್ಲಿ ಟ್ಯಾಂಕ್ ಬರಬಹುದೆಂದು ಎದುರಾಳಿ ಎಣಿಸಿರಲಿಲ್ಲ. ನವೆಂಬರ್ ಮುಗಿಯುವುದರೊಳಗೆ ದ್ರಾಸ್ ಮತ್ತು ಕಾರ್ಗಿಲ್ ಕೈಗೆ ಬಂದು ಲೇಹ್‌ಗೆ ಭೂಮಾರ್ಗ ತೆರೆಯಿತು.

ಯಾಂತ್ರೀಕೃತ ಸೇನೆಯ ಅಂಗಗಳು

ಯಾಂತ್ರೀಕೃತ ಸೇನೆಯನ್ನು ಕೆಲಸಕ್ಕೆ ಅನುಗುಣವಾಗಿ ಐದು ಅಂಗಗಳಾಗಿ ವಿಂಗಡಿಸಬಹುದು.

ಹೊಡೆಯುವ ಅಂಗ: ಟ್ಯಾಂಕುಗಳು ಮತ್ತು ತಾವೇ ಚಲಿಸುವ ಫಿರಂಗಿಗಳು. ಟ್ಯಾಂಕಿನ ವಿನ್ಯಾಸದಲ್ಲಿ ತೋಪಿನ ಬಲ, ಕವಚದ ರಕ್ಷಣೆ, ಚಲನೆಯ ವೇಗ ಈ ಮೂರರ ನಡುವೆ ಹೊಂದಾಣಿಕೆ ಬೇಕು. ಒಂದನ್ನು ಹೆಚ್ಚಿಸಿದರೆ ಮತ್ತೊಂದು ಕುಗ್ಗುತ್ತದೆ. ಭಾರತದ ಮುಖ್ಯ ಟ್ಯಾಂಕುಗಳು ಟಿ-72, ಟಿ-90 ಮತ್ತು ಅರ್ಜುನ್.

ಜೊತೆಯಲ್ಲಿ ಸಾಗುವ ಅಂಗ: ಕವಚ ವಾಹನಗಳಲ್ಲಿ ಬರುವ ಯಾಂತ್ರೀಕೃತ ಪದಾತಿದಳ. ಭಾರತದಲ್ಲಿ ಇದಕ್ಕಾಗಿ 1979ರಲ್ಲಿ ಪ್ರತ್ಯೇಕ ರೆಜಿಮೆಂಟ್ ರಚನೆಯಾಯಿತು. ಬಿಎಂಪಿ-2 ಇದರ ಮುಖ್ಯ ವಾಹನ.

ದಾರಿ ಮಾಡುವ ಅಂಗ: ಸ್ಯಾಪರ್ ದಳ, ಸೇತುವೆ ಹೊತ್ತ ವಾಹನಗಳು, ನೆಲಬಾಂಬು ತೆಗೆಯುವ ಉಪಕರಣಗಳು. ಭಾರತೀಯ ಸೇನೆಯ ಎಂಜಿನಿಯರ್ ದಳದ ಧ್ಯೇಯವಾಕ್ಯ ‘ಸರ್ವತ್ರ’. ಲಾರಿಯ ಮೇಲೆ ಸಾಗಿಸುವ, 75 ಮೀಟರ್ ವರೆಗೆ ಹಾಸಬಲ್ಲ ಸೇತುವೆ ವ್ಯವಸ್ಥೆಗೂ ಅದೇ ಹೆಸರು.

ಪೂರೈಸುವ ಮತ್ತು ರಿಪೇರಿ ಮಾಡುವ ಅಂಗ: ಇಂಧನ, ಆಹಾರ, ಮದ್ದುಗುಂಡು, ಬಿಡಿಭಾಗಗಳ ಸರಬರಾಜು ಮತ್ತು ಕಾರ್ಯಾಗಾರಗಳು. ಆರ್ಮಿ ಸರ್ವಿಸ್ ಕೋರ್‌ನ ಕೇಂದ್ರ ಬೆಂಗಳೂರಿನಲ್ಲಿದೆ. ಹಲಸೂರಿನಲ್ಲಿ ಸೇನೆಯ 515ನೆಯ ಬೇಸ್ ವರ್ಕ್‌ಶಾಪ್ ಇದೆ.

ನೋಡುವ ಮತ್ತು ಮಾತಾಡುವ ಅಂಗ: ವಿಮಾನ, ಹೆಲಿಕಾಪ್ಟರ್, ಡ್ರೋನ್, ರೇಡಾರ್ ಮತ್ತು ರೇಡಿಯೊ ಸಂಪರ್ಕ.

ಪಾಠಗಳು

ದಾರಿ ಯಂತ್ರದ ಭಾಗ. ಕಾಂಬ್ರೆಯ ಕಟ್ಟಿಗೆ ಹೊರೆ, ರಾಣೆಯವರ ಎರಡು ಹಗ್ಗ, ಜೋಜಿಲಾದ ರಸ್ತೆ ಇವು ಮೂರೂ ಹೇಳುವುದು ಒಂದನ್ನೇ: ದಾರಿ ಮಾಡುವವರಿಲ್ಲದ ಟ್ಯಾಂಕ್ ನಿಂತಲ್ಲೇ ಗುರಿಯಾಗುತ್ತದೆ. 1971ರ ಡಿಸೆಂಬರಿನ ಬಸಂತರ್ ಕದನದಲ್ಲೂ ಸ್ಯಾಪರ್‌ಗಳು ನೆಲಬಾಂಬುಗಳ ನಡುವೆ ದಾರಿ ಬಿಡಿಸುತ್ತಿದ್ದಂತೆಯೇ ಪೂನಾ ಹಾರ್ಸ್‌ನ ಟ್ಯಾಂಕುಗಳು ಮುಂದೆ ಸಾಗಬೇಕಾಯಿತು. 2023ರಲ್ಲಿ ಉಕ್ರೇನಿನ ಪ್ರತಿದಾಳಿ ರಷ್ಯಾ ಹೂತ ದಟ್ಟ ನೆಲಬಾಂಬು ವಲಯಗಳಲ್ಲಿ ನಿಧಾನವಾಯಿತು.

ನೆಲವನ್ನು ಓದಬೇಕು. ಕಿಶೋನ್ ದಂಡೆಯಲ್ಲಿ ಕುದುರೆಗೆ ಅಡ್ಡಿಯಾದ ಹಸಿ ನೆಲವೇ 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಹಿಡಿದಿಟ್ಟಿತು. ಭಾರತದ ಸೇನೆ ಹೊಲಗಳಿಗೆ ನೀರು ಬಿಟ್ಟು ಆ ಕೆಸರನ್ನು ತಾನೇ ಸೃಷ್ಟಿಸಿತ್ತು.

ದಳಗಳು ಕೂಡಿ ಹೋರಾಡಬೇಕು. 1940ರ ಮೇ ತಿಂಗಳಲ್ಲಿ ಫ್ರಾನ್ಸ್ ಟ್ಯಾಂಕುಗಳ ಕೊರತೆಯಿಂದ ಸೋಲಲಿಲ್ಲ. ಜರ್ಮನಿ ತನ್ನ ಟ್ಯಾಂಕುಗಳನ್ನು ಒಟ್ಟುಗೂಡಿಸಿ, ರೇಡಿಯೊ ಸಂಪರ್ಕದಿಂದ ವಿಮಾನ ಮತ್ತು ಪದಾತಿದಳಕ್ಕೆ ಬೆಸೆದು ಬಳಸಿತು. 1973ರ ಅಕ್ಟೋಬರಿನಲ್ಲಿ ಸಿನಾಯ್‌ನಲ್ಲಿ ಸಾಕಷ್ಟು ಪದಾತಿದಳದ ಬೆಂಬಲವಿಲ್ಲದೆ ಮುನ್ನುಗ್ಗಿದ ಇಸ್ರೇಲಿ ಟ್ಯಾಂಕುಗಳು ಈಜಿಪ್ಟಿನ ಸೈನಿಕರು ಹಾರಿಸಿದ ಕ್ಷಿಪಣಿಗಳಿಗೆ ತುತ್ತಾದವು.

ಸರಬರಾಜು ಮತ್ತು ರಿಪೇರಿ ಯುದ್ಧದ ಅರ್ಧಭಾಗ. ಹೈಫಾ ಬೇಕಾದದ್ದು ಬಂದರಿಗಾಗಿ. ಕಾಂಬ್ರೆಯಲ್ಲಿ ನಿಂತುಹೋದ ಟ್ಯಾಂಕುಗಳಲ್ಲಿ ಹೆಚ್ಚಿನವು ಶತ್ರುವಿನ ಗುಂಡಿಗೆ ಬಲಿಯಾದವಲ್ಲ. 2022ರಲ್ಲಿ ಕೀವ್‌ನ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ಉದ್ದದ ರಷ್ಯಾದ ವಾಹನಸಾಲು ರಸ್ತೆಯಲ್ಲೇ ನಿಂತಾಗ ಶತಮಾನದ ಹಳೆಯ ಪಾಠ ಮತ್ತೆ ಕಣ್ಣೆದುರಿಗೆ ಬಂತು.

ಹಳೆಯದನ್ನು ಬಿಡುವ ಹೊತ್ತು ತಿಳಿಯಬೇಕು. ಹೈಫಾದಲ್ಲಿ ಕುದುರೆಗೆ ಇನ್ನೂ ಕೆಲಸವಿತ್ತು. ಇಪ್ಪತ್ತು ವರ್ಷ ಕಳೆದು 1938ರ ಹೊತ್ತಿಗೆ ಇರಲಿಲ್ಲ. ಆ ಇಪ್ಪತ್ತು ವರ್ಷಗಳ ವಿಳಂಬಕ್ಕೆ ಭಾರತೀಯ ಸೇನೆ ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬೆಲೆ ತೆತ್ತಿತು.

ಅಗ್ಗದ ಸಾಧನ ದುಬಾರಿ ಯಂತ್ರವನ್ನು ತಡೆಯಬಲ್ಲದು, ಅಗ್ಗದ ಸಾಧನವೇ ಆ ತಡೆಯನ್ನೂ ಮುರಿಯಬಲ್ಲದು. ಮುಳ್ಳುತಂತಿ ಸೇನೆಗಳನ್ನೇ ನಿಲ್ಲಿಸಿತು. ಬೆಂಗಳೂರು ಟಾರ್ಪಿಡೊ ಮುಳ್ಳುತಂತಿಯನ್ನು ಕಡಿಯಿತು. 2020ರ ನಗೋರ್ನೊ ಕರಬಾಖ್ ಯುದ್ಧದಲ್ಲಿ ಮತ್ತು ಉಕ್ರೇನಿನಲ್ಲಿ ಡ್ರೋನ್‌ಗಳು ಟ್ಯಾಂಕುಗಳನ್ನು ನಾಶಮಾಡಿದ್ದು ಇದೇ ಸರಣಿಯ ಮುಂದುವರಿಕೆ.

ಎಂಜಿನ್ ಸ್ವಂತದ್ದಾಗಿರಬೇಕು. ಯಂತ್ರವನ್ನು ಜೋಡಿಸುವ ದೇಶಕ್ಕೂ ಅದರ ಹೃದಯವನ್ನು ತಯಾರಿಸುವ ದೇಶಕ್ಕೂ ಅಂತರವಿದೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನ ಅಮೆರಿಕದ ಜಿಇ ಎಫ್404 ಎಂಜಿನ್ ಬಳಸುತ್ತದೆ. 2021ರ ಫೆಬ್ರವರಿಯಲ್ಲಿ ಒಪ್ಪಂದವಾದ 83 ತೇಜಸ್ ಮಾರ್ಕ್ 1ಎ ವಿಮಾನಗಳ ಪೂರೈಕೆಗೆ ಎಂಜಿನ್ ಬರುವುದು ತಡವಾದದ್ದು ಒಂದು ಮುಖ್ಯ ಅಡ್ಡಿಯಾಯಿತು.

ಇಂದಿನ ಸ್ಥಿತಿ

ಹಿಂದುಸ್ತಾನ್ ಏರ್‌ಕ್ರಾಫ್ಟ್ 1964ರಲ್ಲಿ ಹಿಂದುಸ್ತಾನ್ ಏರೊನಾಟಿಕ್ಸ್ ಆಗಿ ಮರುರೂಪ ಪಡೆಯಿತು. ನಗರದವರಿಗೆ ಅದು ಎಚ್‌ಎಎಲ್. ಧ್ರುವ್ ಮತ್ತು ಪ್ರಚಂಡ್ ಹೆಲಿಕಾಪ್ಟರುಗಳು ಅದರ ಉತ್ಪನ್ನಗಳು. ತೇಜಸ್‌ನ ಮೊದಲ ಹಾರಾಟ 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದಲೇ ನಡೆಯಿತು. 1964ರಲ್ಲೇ ಆರಂಭವಾದ ಬಿಇಎಂಎಲ್ ಹೊಸ ತಿಪ್ಪಸಂದ್ರದ ಸಂಕೀರ್ಣದಲ್ಲಿ ರೈಲು ಮತ್ತು ಮೆಟ್ರೊ ಬೋಗಿಗಳನ್ನು ಕಟ್ಟುತ್ತದೆ. ಅದರ ಕೆಜಿಎಫ್ ಘಟಕ ಸೇನೆಗೆ ಟಾಟ್ರಾ ಲಾರಿಗಳನ್ನೂ ಕೆಟ್ಟ ಟ್ಯಾಂಕುಗಳನ್ನು ಎಳೆದೊಯ್ಯುವ ವಾಹನಗಳನ್ನೂ ತಯಾರಿಸಿದೆ.

ಸಿ.ವಿ. ರಾಮನ್ ನಗರ ಮತ್ತು ಸುತ್ತಮುತ್ತ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳ ಗುಂಪೇ ಇದೆ. ಎಲ್‌ಆರ್‌ಡಿಇ ರೇಡಾರುಗಳನ್ನು ರೂಪಿಸುತ್ತದೆ. ಶತ್ರುವಿನ ಫಿರಂಗಿ ಎಲ್ಲಿದೆ ಎಂದು ಗುರುತಿಸುವ ‘ಸ್ವಾತಿ’ ರೇಡಾರ್ ಅದರದು. ಎಡಿಇ ಚಾಲಕರಹಿತ ವಿಮಾನಗಳನ್ನು, ಜಿಟಿಆರ್‌ಇ ಜೆಟ್ ಎಂಜಿನ್ನುಗಳನ್ನು, 1986ರಲ್ಲಿ ಸ್ಥಾಪನೆಯಾದ ಸಿಎಐಆರ್ ಕೃತಕ ಬುದ್ಧಿಮತ್ತೆ ಮತ್ತು ರೋಬೊಗಳನ್ನು ಕುರಿತು ಸಂಶೋಧನೆ ನಡೆಸುತ್ತವೆ.

2020ರಲ್ಲಿ ಪೂರ್ವ ಲಡಾಖಿನ ಗಡಿ ಬಿಕ್ಕಟ್ಟಿನ ಸಂದರ್ಭದಲ್ಲಿ ಭಾರತ ಟಿ-72 ಮತ್ತು ಟಿ-90 ಟ್ಯಾಂಕುಗಳನ್ನು ಎತ್ತರದ ಪ್ರದೇಶಕ್ಕೆ ಸಾಗಿಸಿತು. ಅಂಥ ನೆಲಕ್ಕೆ ಹಗುರ ಟ್ಯಾಂಕ್ ಬೇಕೆಂಬ ಅರಿವಿನಿಂದ ಡಿಆರ್‌ಡಿಒ ಮತ್ತು ಎಲ್ ಅಂಡ್ ಟಿ ಸೇರಿ ಸುಮಾರು 25 ಟನ್ ತೂಕದ ‘ಜೋರಾವರ್’ ಟ್ಯಾಂಕನ್ನು ರೂಪಿಸಿ 2024ರಲ್ಲಿ ಪ್ರದರ್ಶಿಸಿದವು. ಜೋಜಿಲಾದಲ್ಲಿ ಹಗುರ ಟ್ಯಾಂಕ್ ಕಲಿಸಿದ ಪಾಠಕ್ಕೆ ಎಪ್ಪತ್ತಾರು ವರ್ಷಗಳ ನಂತರ ದೊರೆತ ಸ್ವದೇಶಿ ಉತ್ತರ ಇದು.

ನೆಲಬಾಂಬು ವಲಯಗಳಲ್ಲಿ ದಾರಿ ಬಿಡಿಸಲು ಈಗ ಟ್ಯಾಂಕಿನ ಮುಂದೆ ಕಟ್ಟುವ ನೇಗಿಲು ಮತ್ತು ಉರುಳೆಗಳು ಬಳಕೆಯಲ್ಲಿವೆ. ಆದರೂ ಕೈಯಲ್ಲಿ ಹೊತ್ತೊಯ್ಯುವ ಕೊಳವೆ ಹಲವು ದೇಶಗಳ ಸೇನೆಗಳಲ್ಲಿ ಉಳಿದಿದೆ. ನಗರದ ಹೆಸರು 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಬೆಂಗಳೂರು ಎಂದಾಯಿತು. ಆ ಸೇನೆಗಳ ಸ್ಯಾಪರ್‌ಗಳು ತಮ್ಮ ಸಾಧನವನ್ನು ಇಂದಿಗೂ ‘ಬ್ಯಾಂಗಲೋರ್’ ಎಂದೇ ಕರೆಯುತ್ತಾರೆ. ಅದು ರೂಪುಗೊಂಡ ದಳದ ಹೊಸ ಸೈನಿಕರು ಈಗಲೂ ಹಲಸೂರು ಕೆರೆಯ ಮಗ್ಗುಲಲ್ಲೇ ತರಬೇತಿ ಪಡೆಯುತ್ತಾರೆ.